ಪುಡಿ ಇದೆ, ಅಳೆಯುವ ಮೇಜು ಎಲ್ಲಿ?

2024ರ ನವೆಂಬರ್‌ನಲ್ಲಿ ಐಐಟಿ ಕಾನ್ಪುರದವರು ‘ಅನಾಲಕ್ಷ್ಯ’ ಎಂಬ ಹೊದಿಕೆಯನ್ನು ಹೊರತಂದಾಗ ಟಿವಿಯವರಿಗೆ ಹಬ್ಬ. ಯುದ್ಧವಿಮಾನ, ಟ್ಯಾಂಕು ಎಲ್ಲ ರೇಡಾರಿನ ಕಣ್ಣಿಗೆ ಬೀಳದೆ ಮಾಯವಾಗುವ ಕತೆಯನ್ನು ಬಣ್ಣಬಣ್ಣದ ಚಿತ್ರ ಹಾಕಿ ಹೇಳಿದರು. ಬಿದ್ದ ಮೈಕ್ರೋವೇವ್ ಅಲೆಯನ್ನು ಹಿಂದಕ್ಕೆ ಕಳಿಸದೆ ತನ್ನೊಳಗೇ ಅರಗಿಸಿಕೊಳ್ಳುವ ಬಟ್ಟೆ ಅದು. ಕೆಲಸ ನಿಜಕ್ಕೂ ದೊಡ್ಡದು. ಆದರೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಮೌಲ್ಡಿಂಗ್ ಶೆಡ್ ನಡೆಸುವ ನನ್ನಂಥವಳಿಗೆ ವಿಮಾನದ ಚಿಂತೆ ಇಲ್ಲ. ನನ್ನ ಚಿಂತೆಯೆಲ್ಲ ಎಲೆಕ್ಟ್ರಿಕ್ ಸ್ಕೂಟರಿನ ಸೀಟಿನ ಕೆಳಗೆ ಕೂರುವ, ಅಂಗೈಯಗಲದ ಒಂದು ಡಬ್ಬಿಯದು.

ಆ ಡಬ್ಬಿಯೊಳಗೆ ಮೋಟರಿಗೆ ಕರೆಂಟು ಹಂಚುವ ಕಂಟ್ರೋಲರ್ ಇರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಹಾಕಿ ತೆಗೆಯುವುದೇ ಅದರ ಕೆಲಸ. ಪ್ರತಿ ಸಲ ಹಾಕಿ ತೆಗೆದಾಗಲೂ ಒಂದಿಷ್ಟು ರೇಡಿಯೋ ಗದ್ದಲ ಹೊರಗೆ ಚೆಲ್ಲುತ್ತದೆ. ಪಕ್ಕದಲ್ಲೇ ಬ್ಲೂಟೂತ್, ಜಿಪಿಎಸ್, ಮೊಬೈಲ್ ಸಿಮ್ ಇರುವ ಇನ್ನೊಂದು ಬೋರ್ಡು. ಇದರ ಗದ್ದಲ ಅದರ ಕಿವಿಗೆ ಬಿದ್ದರೆ ಮ್ಯಾಪ್ ದಾರಿ ತಪ್ಪುತ್ತದೆ, ಮೀಟರ್ ಪರದೆ ಮಿಟುಕುತ್ತದೆ. ಅದಕ್ಕೇ ವಾಹನಗಳಿಗೆ ಎಐಎಸ್-004 ಎಂಬ ಕಟ್ಟುಪಾಡು ಇದೆ. ನಿನ್ನ ಗಾಡಿ ಇಷ್ಟಕ್ಕಿಂತ ಹೆಚ್ಚು ಗದ್ದಲ ಮಾಡಬಾರದು, ಬೇರೆಯವರ ಗದ್ದಲಕ್ಕೆ ಬೆದರಲೂ ಬಾರದು ಅನ್ನುತ್ತದೆ ಅದು. ಮೊದಲೆಲ್ಲ ಡಬ್ಬಿಯನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯುತ್ತಿದ್ದರು, ಅಲೆ ಹೊರಗೆ ಬರುತ್ತಿರಲಿಲ್ಲ. ಈಗ ತೂಕ ಇಳಿಯಬೇಕು, ಬೆಲೆ ಇಳಿಯಬೇಕು, ‘ಪ್ಲಾಸ್ಟಿಕ್‌ನಲ್ಲೇ ಮಾಡಿಕೊಡಿ ಮೇಡಂ’ ಎನ್ನುತ್ತಾರೆ ಗಿರಾಕಿಗಳು. ಪ್ಲಾಸ್ಟಿಕ್ ಇರಲಿ ಇಲ್ಲದಿರಲಿ, ಅಲೆಗೆ ಎರಡೂ ಒಂದೇ.

ಒಳಗೋಡೆಗೆ ಲೋಹದ ಬಣ್ಣ ಬಳಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಅರ್ಧ. ಲೋಹ ಅಲೆಯನ್ನು ತಡೆಯುವುದು ಮುಖ್ಯವಾಗಿ ಹಿಂದಕ್ಕೆ ಎಸೆದು. ಮುಚ್ಚಿದ ಡಬ್ಬಿಯಲ್ಲಿ ಹಿಂದಕ್ಕೆ ಎಸೆದದ್ದು ಎಲ್ಲಿಗೆ ಹೋಗಬೇಕು? ಗೋಡೆಯಿಂದ ಗೋಡೆಗೆ ಬಡಿದು ಕೊನೆಗೆ ಅದೇ ಬೋರ್ಡಿನ ಮೇಲೆ ಬೀಳುತ್ತದೆ, ಇಲ್ಲವೇ ಮುಚ್ಚಳದ ಸಂದಿ ಹುಡುಕಿಕೊಂಡು ಹೊರಗೆ ಬರುತ್ತದೆ. ಗೋಡೆಯೇ ಅಲೆಯನ್ನು ನುಂಗಿ ಬಿಸಿಯಾಗಿಸಿಬಿಟ್ಟರೆ ಈ ಗೋಳಿಲ್ಲ. ಆ ಬಿಸಿ ಎಷ್ಟು ಕಡಿಮೆಯೆಂದರೆ ಕೈಗೆ ತಿಳಿಯುವುದೂ ಇಲ್ಲ.

ನುಂಗುವ ಗೋಡೆ ಎರಡು ಕೆಲಸ ಮಾಡಬೇಕು, ಮತ್ತು ಆ ಎರಡಕ್ಕೂ ಆಗಿಬರುವುದಿಲ್ಲ. ಮೊದಲು ಅಲೆಯನ್ನು ಬಾ ಎಂದು ಒಳಗೆ ಬಿಟ್ಟುಕೊಳ್ಳಬೇಕು. ಬಯಲಿನಲ್ಲಿ ಅಲೆಗೆ ಸಿಗುವ ವಿದ್ಯುತ್ ಪ್ರತಿರೋಧ ಸುಮಾರು 377 ಓಮ್. ವಸ್ತುವಿನ ಮೈ ಅದಕ್ಕೆ ಹತ್ತಿರವಾದಷ್ಟೂ ಅಲೆ ಹಿಂದಿರುಗದೆ ಒಳಹೋಗುತ್ತದೆ. ಒಳಹೋದ ಮೇಲೆ ಅದನ್ನು ಸುಸ್ತು ಮಾಡಬೇಕು. ಇಂಗಾಲ ವಿದ್ಯುತ್ತಿನ ದಾರಿಯಲ್ಲಿ ಸುಸ್ತು ಮಾಡುತ್ತದೆ, ಫೆರೈಟ್‌ನಂಥ ಕಾಂತೀಯ ಪುಡಿ ಕಾಂತದ ದಾರಿಯಲ್ಲಿ. ಇಂಗಾಲ ಕಡಿಮೆಯಾದರೆ ಅಲೆ ಆ ಕಡೆಯಿಂದ ಹೊರಟುಹೋಯಿತು. ಜಾಸ್ತಿಯಾದರೆ ಪ್ಲಾಸ್ಟಿಕ್ಕೇ ಲೋಹದಂತೆ ವರ್ತಿಸಿ ಅಲೆಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿತು. ಈ ಹದ ಹಿಡಿಯುವುದೇ ಇಡೀ ವಿದ್ಯೆ.

ವಿದ್ಯೆ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಜಲಾಂತರ್ಗಾಮಿಗಳ ಉಸಿರುಕೊಳವೆಗೆ ಕಬ್ಬಿಣದ ಪುಡಿ ತುಂಬಿದ ರಬ್ಬರ್ ಸುತ್ತುತ್ತಿದ್ದರು, ಮಿತ್ರಪಕ್ಷದ ರೇಡಾರಿಗೆ ಕಾಣದಿರಲೆಂದು. ಅದು ಭಾರ. ಅಮೆರಿಕದ ಸಾಲಿಸ್‌ಬರಿ ಮಾಡಿದ ತೆರೆ ಹಗುರ, ಆದರೆ ದಪ್ಪ. ಅಲೆಯ ಉದ್ದದ ಕಾಲುಭಾಗದಷ್ಟು ಅಂತರ ಬೇಕು ಅದಕ್ಕೆ. 10 ಗಿಗಾಹರ್ಟ್ಸ್‌ನಲ್ಲಿ ಅದು ಏಳೂವರೆ ಮಿಲಿಮೀಟರ್, ವೈಫೈನ 2.4 ಗಿಗಾಹರ್ಟ್ಸ್‌ಗೆ ಬಂದರೆ ಮೂರು ಸೆಂಟಿಮೀಟರ್ ದಾಟುತ್ತದೆ. ಸ್ಕೂಟರಿನಲ್ಲಿ ಅಷ್ಟು ಜಾಗ ಯಾರು ಕೊಡುತ್ತಾರೆ? 1991ರಲ್ಲಿ ಜಪಾನಿನ ಇಜಿಮಾ ಇಂಗಾಲದ ನ್ಯಾನೋ ಕೊಳವೆಗಳನ್ನು ತೋರಿಸಿದ ಮೇಲೆ, 2004ರಲ್ಲಿ ಗ್ರಾಫೀನ್ ಬಂದ ಮೇಲೆ ಲೆಕ್ಕ ಬದಲಾಯಿತು. 2016ರಲ್ಲಿ ಮ್ಯಾಕ್ಸೀನ್ ಎಂಬ ಪದರದ 45 ಮೈಕ್ರಾನ್ ಹಾಳೆ 92 ಡೆಸಿಬೆಲ್ ತಡೆ ಕೊಟ್ಟಿತು. ಡೆಸಿಬೆಲ್ ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಹತ್ತು ಎಂದರೆ ನೂರರಲ್ಲಿ ತೊಂಬತ್ತು ಪಾಲು ನಿಂತಿತು, ಇಪ್ಪತ್ತೆಂದರೆ ತೊಂಬತ್ತೊಂಬತ್ತು, ಮೂವತ್ತೆಂದರೆ 99.9.

ನ್ಯಾನೋ ಯಾಕೆ ಬೇಕು ಎಂದರೆ ಮೈಯ ವಿಸ್ತಾರಕ್ಕೆ. ಚಿಟಿಕೆಯಷ್ಟು, ಒಂದು ಗ್ರಾಂ ಕೊಳವೆಗಳ ಮೈ ಬಿಡಿಸಿ ಹಾಸಿದರೆ ಒಂದು 30-40 ಅಡಿಯ ಸೈಟು ತುಂಬಿ ಪಕ್ಕದ ಸೈಟಿಗೂ ಹೋಗಬಹುದು. ಅಷ್ಟು ಮೈ ಪ್ಲಾಸ್ಟಿಕ್‌ಗೆ ತಾಗಿದ ಕಡೆಯಲ್ಲೆಲ್ಲ ಅಲೆ ಸಿಕ್ಕಿಕೊಳ್ಳುತ್ತದೆ. ಉದ್ದನೆಯ ಕೊಳವೆಗಳು ಒಂದಕ್ಕೊಂದು ತಾಗಿ ಬಲೆ ಕಟ್ಟುವುದರಿಂದ ನೂರಕ್ಕೆ ಎರಡು ಮೂರು ಪಾಲು ಬೆರೆಸಿದರೂ ಕರೆಂಟು ಹರಿಯತೊಡಗುತ್ತದೆ. ಹಳೆಯ ಕಾರ್ಬನ್ ಮಸಿಯಾದರೆ ಅದರ ಎಷ್ಟೋ ಪಟ್ಟು ಸುರಿಯಬೇಕು, ಅಷ್ಟರಲ್ಲಿ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ.

ಈ ವಿದ್ಯೆ ನಮ್ಮಿಂದ ದೂರವೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡ ವರ್ಷಗಟ್ಟಲೆಯಿಂದ ಇದನ್ನೇ ಮಾಡುತ್ತ ಬಂದಿದೆ. ಒಂದಕ್ಕೊಂದು ಬೆರೆಯದ ಎರಡು ಪ್ಲಾಸ್ಟಿಕ್‌ಗಳನ್ನು ಕೂಡಿಸಿ, ನ್ಯಾನೋ ಕೊಳವೆಗಳೆಲ್ಲ ಅವುಗಳಲ್ಲಿ ಒಂದರೊಳಗೇ ಸೇರಿಕೊಳ್ಳುವಂತೆ ಮಾಡಿದ ಅವರ ಕೆಲಸ ನನಗೆ ಬಹಳ ಹಿಡಿಸಿತು. ಅರ್ಧ ಜಾಗದಲ್ಲೇ ಎಲ್ಲವೂ ಗುಂಪುಗೂಡುವುದರಿಂದ ಕಡಿಮೆ ಪುಡಿಯಲ್ಲಿ ಬಲೆ ಕಟ್ಟುತ್ತದೆ. ಇತ್ತ ಶಿವನಪುರದಲ್ಲಿ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಇದೆ. ಅಲ್ಲಿ ಜಿ.ಯು. ಕುಲಕರ್ಣಿಯವರ ತಂಡ ಪಾರದರ್ಶಕ ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಜಾಲರಿ ಮೂಡಿಸಿ ಅಲೆ ತಡೆದಿದೆ. ಲೋಹವಾದ್ದರಿಂದ ಅದು ಹೆಚ್ಚಾಗಿ ಅಲೆಯನ್ನು ತಿರುಗಿಸಿ ಕಳಿಸುವ ಜಾತಿ, ಕಿಟಕಿಗೆ, ಪರದೆಗೆ ಸರಿ. ಆ ಕೇಂದ್ರದ ಆವರಣದ ಹೆಸರು ಅರ್ಕಾವತಿ. ಅದೇ ಹೊಳೆ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರದ ನಡುವೆ ಹಾದು, ಕನಕಪುರ ಬಳಸಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಹೊಳೆ ಬಂದಷ್ಟು ಸಲೀಸಾಗಿ ವಿದ್ಯೆ ಇಳಿದು ಬಂದಿಲ್ಲ ಅನ್ನುವುದೇ ನನ್ನ ತಕರಾರು. ನಮ್ಮದೇ ತಾಲ್ಲೂಕಿನ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ನ್ಯಾನೋ ವಸ್ತು ಕೇಂದ್ರ ನೀರು ಸೋಸುವ ಪೊರೆಗಳ ಮೇಲೆ ಕೆಲಸ ಮಾಡುತ್ತಿದೆ. ಹಾರೋಹಳ್ಳಿಯಲ್ಲೇ ದಯಾನಂದ ಸಾಗರದವರ ಕ್ಯಾಂಪಸ್. ಬಿಡದಿಯಲ್ಲಿ ಟೊಯೊಟಾ, ಬಾಷ್. ಜಿಲ್ಲೆಯ ಹೆಸರು 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಬದಲಾಯಿತು, ಬೋರ್ಡೂ ಬದಲಾಯಿತು. ನಾವಿನ್ನೂ ರಾಮನಗರ ಎನ್ನುತ್ತಿದ್ದೇವೆ, ಅದಿರಲಿ. ವಿದ್ಯೆ ಬಲ್ಲವರು ಒಂದು ಕಡೆ, ಬೇಕಾದವರು ಇನ್ನೊಂದು ಕಡೆ, ನಡುವೆ ಐವತ್ತು ಕಿಲೋಮೀಟರ್ ಕೂಡ ಇಲ್ಲ.

ನಡುವೆ ಇರುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಗೊಂಬೆ ಮಾಡುವವರ ಮನೆಯಲ್ಲಿ. ದೊಡ್ಡಪ್ಪ ಹಾಲೆ ಮರ ಕಡೆಯುತ್ತಿದ್ದರು. ಕಡೆಯುವುದಕ್ಕಿಂತ ಅವರ ಅರಗಿನ ಕೆಲಸ ನೋಡುವುದೇ ನನಗೆ ಖುಷಿ. ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣದ ಪುಡಿ ಹಾಕಿ, ಎರಡು ಕೈಯಲ್ಲಿ ಎಳೆದು ಮಡಿಸಿ, ಮತ್ತೆ ಕಾಯಿಸಿ, ಮತ್ತೆ ಎಳೆದು ಮಡಿಸುವರು. ಮೊದಲು ಹಳದಿಯ ನಡುವೆ ಬಿಳಿ ಗೆರೆ, ಆಮೇಲೆ ಚುಕ್ಕೆ, ಆಮೇಲೆ ಒಂದೇ ಬಣ್ಣ. ‘ಎಳೀಬೇಕು ಕಣವ್ವ, ಬಣ್ಣ ಜಾಸ್ತಿ ಸುರಿದ್ರೆ ಬರಲ್ಲ, ಎಳೆದ್ರೆ ಬರುತ್ತೆ’ ಎನ್ನುತ್ತಿದ್ದರು. ಚೆನ್ನಾಗಿ ಎಳೆಯದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಮೈಯೆಲ್ಲ ಮಚ್ಚೆ. ಆಮೇಲೆ ಕೇದಗೆ ಓಲೆಯಲ್ಲಿ ಎಷ್ಟು ಉಜ್ಜಿದರೂ ಹೋಗದು.

ನ್ಯಾನೋ ಕಾಂಪೊಸಿಟ್‌ನಲ್ಲೂ ಕಷ್ಟ ಇದೇ ಜಾಗದಲ್ಲಿ. ಕೊಳವೆಗಳು ಒಂಟಿಯಾಗಿ ಇರುವುದಿಲ್ಲ. ಒಂದನ್ನೊಂದು ಅಂಟಿಕೊಂಡು ಗಂಟು ಕಟ್ಟಿರುತ್ತವೆ. ಗಂಟು ಬಿಡಿಸದೆ ಎಷ್ಟು ಸುರಿದರೂ ಮೈ ಸಿಗುವುದಿಲ್ಲ, ಬಲೆಯೂ ಕಟ್ಟುವುದಿಲ್ಲ. ಬಿಡಿಸಲು ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಬೇಕು: ಕಾದ ಕೊಳವೆಯೊಳಗೆ ಜೋಡಿ ಸ್ಕ್ರೂಗಳು ತಿರುಗುತ್ತ ಪ್ಲಾಸ್ಟಿಕ್ಕನ್ನು ಹಿಂಡಿ, ಹರಿದು, ಮಡಿಸುತ್ತವೆ. ಮೆತ್ತಗೆ ತಿರುಗಿಸಿದರೆ ಗಂಟು ಉಳಿಯುತ್ತದೆ. ಜೋರಾಗಿ ತಿರುಗಿಸಿದರೆ ಕೊಳವೆಗಳೇ ತುಂಡಾಗುತ್ತವೆ, ತುಂಡಾದವು ಬಲೆ ಕಟ್ಟಲಾರವು. ನಾವು ಪುಡಿಯನ್ನು ಕೈಯಲ್ಲಿ ಮುಟ್ಟುವುದಿಲ್ಲ, ಮಾಸ್ಟರ್‌ಬ್ಯಾಚ್ ತರಿಸುತ್ತೇವೆ, ಅಂದರೆ ಮೊದಲೇ ಗಟ್ಟಿಯಾಗಿ ಬೆರೆಸಿಟ್ಟ ಕಾಳು. ಅದಕ್ಕೆ ಬೇರೆ ಕಾರಣವೂ ಇದೆ. ಉದ್ದನೆಯ ಗಡಸು ಕೊಳವೆಗಳ ಒಂದು ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2014ರಲ್ಲಿ ‘ಕ್ಯಾನ್ಸರ್ ತರಬಹುದಾದ’ ಪಟ್ಟಿಗೆ ಸೇರಿಸಿದೆ. ಬಾಗಿಲು ತೆರೆದ ಶೆಡ್ಡಿನಲ್ಲಿ, ಬಟ್ಟೆಯ ಮಾಸ್ಕ್ ಕಟ್ಟಿದ ಹುಡುಗರ ಮುಂದೆ ಆ ಪುಡಿಯ ಚೀಲ ಬಿಚ್ಚಲು ನನ್ನ ಮನಸ್ಸು ಒಪ್ಪದು.

ಬೆರೆಸಿದ್ದಾಯಿತು ಎಂದುಕೊಳ್ಳಿ. ಪ್ರಯೋಗಾಲಯದಲ್ಲಿ ಮುಂದಿನ ಹೆಜ್ಜೆ ಹಾಟ್ ಪ್ರೆಸ್. ಎರಡು ಬಿಸಿ ತಟ್ಟೆಗಳ ನಡುವೆ ಇಟ್ಟು ನಿಧಾನ ಒತ್ತಿ, ಆರಾಮಾಗಿ ತಣಿಸಿ, ಎರಡು ಮಿಲಿಮೀಟರ್ ಬಿಲ್ಲೆ ಮಾಡುತ್ತಾರೆ. ಕೊಳವೆಗಳಿಗೆ ಮತ್ತೆ ಒಂದನ್ನೊಂದು ಹುಡುಕಿಕೊಳ್ಳಲು ಪುರಸೊತ್ತು ಸಿಗುತ್ತದೆ. ನಮ್ಮಲ್ಲಿ ಇಂಜೆಕ್ಷನ್ ಮೌಲ್ಡಿಂಗ್. ಕರಗಿದ ಪ್ಲಾಸ್ಟಿಕ್ ಕಣ್ಣುಮಿಟುಕಿಸುವುದರೊಳಗೆ ತಣ್ಣನೆಯ ಅಚ್ಚಿಗೆ ನುಗ್ಗಿ ಗೋಡೆ ತಾಗುತ್ತಲೇ ಹೆಪ್ಪುಗಟ್ಟುತ್ತದೆ. ಹೊರಗಿನ ಚರ್ಮದ ಹತ್ತಿರ ಬಲೆ ಹರಿದುಹೋಗಿರುತ್ತದೆ, ಕೊಳವೆಗಳು ಹರಿವಿನ ದಿಕ್ಕಿಗೆ ಬಾಚಿದ ಹಾಗೆ ಮಲಗಿರುತ್ತವೆ. ಒಂದೇ ಚೀಲದ ಕಾಳು, ಪ್ರೆಸ್ಸಿನಲ್ಲಿ ಒಂದು ಗುಣ, ಅಚ್ಚಿನಲ್ಲಿ ಇನ್ನೊಂದು ಗುಣ. ಜೊತೆಗೆ ಕೊಳವೆ ಬೆರೆತ ಪ್ಲಾಸ್ಟಿಕ್ ಜೇಡಿಯಂತೆ ಮಂದವಾಗುತ್ತದೆ. ‘ಅಕ್ಕ, ಮೂಲೆ ತುಂಬ್ತಾ ಇಲ್ಲ, ಬರೀ ಶಾರ್ಟ್ ಶಾಟ್’ ಎಂದು ನಮ್ಮ ಆಪರೇಟರ್ ಅರ್ಧ ಡಬ್ಬಿಯನ್ನು ತಂದು ಮೇಜಿನ ಮೇಲಿಡುತ್ತಾನೆ. ಬಿಸಿ ಏರಿಸು ಎನ್ನುತ್ತೇನೆ. ಏರಿಸಿದರೆ ನೈಲಾನ್ ಹಳದಿಯಾಗುತ್ತದೆ, ಕಪ್ಪು ಕೊಳವೆಯ ನಡುವೆ ಅದು ಕಣ್ಣಿಗೆ ಕಾಣದು ಎಂಬುದಷ್ಟೇ ಸಮಾಧಾನ. ಈ ಫಜೀತಿಯ ಬಗ್ಗೆ ಪ್ರಬಂಧಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

ಇನ್ನು ಅಳತೆ. ಎಕ್ಸ್ ಬ್ಯಾಂಡ್ ಎಂಬ ಕಂಪನಾಂಕ ಪಟ್ಟಿಯನ್ನು ಅಳೆಯುವ ಲೋಹದ ಕೊಳವೆಯ ಬಾಯಿ 22.86 ಮಿಲಿಮೀಟರ್ ಅಗಲ, 10.16 ಮಿಲಿಮೀಟರ್ ಎತ್ತರ. ಬಿಲ್ಲೆಯನ್ನು ಆ ಕಿಟಕಿಗೆ ಸರಿಯಾಗಿ ಕೂರುವಂತೆ ಕತ್ತರಿಸಬೇಕು. ಗರಗಸದಲ್ಲಿ ಕತ್ತರಿಸಿ, ಆಮೇಲೆ ನುಣುಪು ಎಮರಿ ಕಾಗದದ ಮೇಲೆ ಅಂಚನ್ನು ಸವರುತ್ತ, ಕ್ಯಾಲಿಪರ್ ಹಿಡಿದು ನೋಡುತ್ತ, ಮತ್ತೆ ಸವರುತ್ತ ಹೋಗಬೇಕು. ಒಂದು ಸವರು ಹೆಚ್ಚಾದರೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಬಿಲ್ಲೆಯ ಮೇಲೆ ಆ ಗಾಳಿ ಸಂದಿ ಇದ್ದರೆ ಓದು ಬೇರೆಯೇ ಬರುತ್ತದೆ, ಅದೂ ಕರೆಂಟು ಹರಿಯುವ ವಸ್ತುವಿನಲ್ಲಿ ಬಹಳ ಬೇರೆ. ಅದಕ್ಕೆ ಮೊದಲು ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಎಂಬ ಯಂತ್ರಕ್ಕೆ ಹದ ಹಾಕಬೇಕು: ಬಾಯಿ ಮುಚ್ಚಿ ಒಮ್ಮೆ, ಎರಡೂ ಕೊಳವೆ ಜೋಡಿಸಿ ಒಮ್ಮೆ, ಹೀರುವ ತುದಿ ಹಾಕಿ ಒಮ್ಮೆ. ಕೇಬಲ್ ಅಲುಗಿದರೂ, ಕೋಣೆಯ ಬಿಸಿ ಏರಿದರೂ ಮತ್ತೆ ಮೊದಲಿಂದ. ಇಷ್ಟೆಲ್ಲ ಆದಮೇಲೆ ಸಿಗುವುದು 8.2ರಿಂದ 12.4 ಗಿಗಾಹರ್ಟ್ಸ್‌ವರೆಗಿನ ಲೆಕ್ಕ. ನನ್ನ ಸ್ಕೂಟರಿನ ಗದ್ದಲ ಇರುವುದು ಅದಕ್ಕಿಂತ ಎಷ್ಟೋ ಕೆಳಗೆ, ನೂರಿನ್ನೂರು ಮೆಗಾಹರ್ಟ್ಸ್‌ನಿಂದ ಎರಡು ಗಿಗಾಹರ್ಟ್ಸ್ ಸುತ್ತಮುತ್ತ.

ಇಲ್ಲೇ ನನ್ನ ಮೊದಲ ಜಗಳ. ಮೈಕ್ರೋವೇವ್ ನುಂಗುವ ವಸ್ತುಗಳ ಮೇಲಿನ ಪ್ರಬಂಧಗಳಲ್ಲಿ ಬಹುಪಾಲು ಎಕ್ಸ್ ಬ್ಯಾಂಡಿನಲ್ಲೇ, ಇಲ್ಲವೇ ಅದರ ಮೇಲಿನ ಬ್ಯಾಂಡಿನಲ್ಲೇ ಇವೆ. ರೇಡಾರ್ ಅಲ್ಲಿದೆ, ರಕ್ಷಣಾ ಇಲಾಖೆಯ ದುಡ್ಡು ಅಲ್ಲಿದೆ, ಅಳೆಯಲೂ ಅಲ್ಲಿ ಸುಲಭ. ಕೆಳಗಿನ ಕಂಪನಾಂಕಗಳಲ್ಲಿ ಅಲೆ ಉದ್ದ, ತೆಳುವಾದ ಗೋಡೆಯಲ್ಲಿ ಅದನ್ನು ಹಿಡಿಯುವುದು ನಿಜಕ್ಕೂ ಕಷ್ಟ, ಕಾಂತೀಯ ಪುಡಿ ಬೇಕೇ ಬೇಕು. ಕಷ್ಟವಾದ್ದರಿಂದಲೇ ಅಲ್ಲಿ ಕೆಲಸ ಕಡಿಮೆ. ಎರಡನೆಯ ಜಗಳ ತಲೆಬರಹದ್ದು. ‘ಮೈನಸ್ 60 ಡೆಸಿಬೆಲ್’ ಎಂದು ದೊಡ್ಡದಾಗಿ ಬರೆಯುತ್ತಾರೆ. ಒಳಗೆ ನೋಡಿದರೆ ಅದು ಒಂದೇ ದಪ್ಪದಲ್ಲಿ, ಒಂದೇ ಕಂಪನಾಂಕದಲ್ಲಿ, ಸೂಜಿಯ ಮೊನೆಯಂತೆ ಇಳಿದ ಗೆರೆಯ ತುದಿ. ಎಷ್ಟೋ ಸಲ ಆ ದಪ್ಪದ ಬಿಲ್ಲೆಯನ್ನೂ ಮಾಡಿರುವುದಿಲ್ಲ. ಅಳೆದ ಗುಣಗಳಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿರುತ್ತಾರೆ. ಪುಡಿಯನ್ನು ಬೆರೆಸಿರುವುದೂ ಪ್ಯಾರಾಫಿನ್ ಮೇಣದಲ್ಲಿ, ಅರ್ಧದಷ್ಟು ಪುಡಿ ಅರ್ಧದಷ್ಟು ಮೇಣ. ಮೇಣದಲ್ಲಿ ಸ್ಕೂಟರ್ ಡಬ್ಬಿ ಮಾಡಲು ಬರುವುದಿಲ್ಲ ಸ್ವಾಮಿ. ಮೈನಸ್ 20ರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಿಂತಾಯಿತು. ಉಳಿದ ಒಂದನ್ನು ಹಿಡಿಯುವ ಹೊತ್ತಿಗೆ ಮುಚ್ಚಳದ ಸಂದಿಯಿಂದ, ವೈರ್ ಹೊರಬರುವ ತೂತಿನಿಂದ ಹತ್ತು ಹೋಗಿರುತ್ತದೆ. ನಮಗೆ ಬೇಕಾಗಿರುವುದು ಆಳವಾದ ಮೊನೆಗಿಂತ ಅಗಲವಾದ ಬಯಲು: ಸಾಧಾರಣ 10-15 ಡೆಸಿಬೆಲ್, ಆದರೆ ಉದ್ದಕ್ಕೂ, ಬಿಸಿಲಲ್ಲಿ ನಿಂತ ಗಾಡಿಯ ಬಿಸಿಗೂ, ಮಳೆಗಾಲದ ತೇವಕ್ಕೂ ಬದಲಾಗದಂತೆ.

ವಿಜ್ಞಾನ ಹೀಗೆ ಮಧ್ಯದಲ್ಲಿ ನಿಂತಾಗ ಆ ಜಾಗಕ್ಕೆ ಬರುವವರು ಸ್ಟಿಕ್ಕರ್ ಮಾರುವವರು. ಮೊಬೈಲಿನ ಬೆನ್ನಿಗೆ ಅಂಟಿಸಿದರೆ ‘ರೇಡಿಯೇಷನ್’ ಹೀರುವ ಬಿಲ್ಲೆ ಆನ್‌ಲೈನಿನಲ್ಲಿ ಬೇಕಾದಷ್ಟಿವೆ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದವರು ಸಗಣಿಯ ಚಿಪ್ ತೋರಿಸಿ ಅದೂ ವಿಕಿರಣ ತಗ್ಗಿಸುತ್ತದೆ ಎಂದರು. ಯಾವ ಕಂಪನಾಂಕದಲ್ಲಿ ಎಷ್ಟು ಡೆಸಿಬೆಲ್ ಎಂದು ಕೇಳಿದರೆ ಈ ಮಂದಿಯ ಹತ್ತಿರ ಉತ್ತರ ಇರುವುದಿಲ್ಲ. ಒಂದು ವೇಳೆ ಸ್ಟಿಕ್ಕರ್ ನಿಜಕ್ಕೂ ಅಲೆ ನುಂಗಿದರೆ ಟವರಿಗೆ ಕೇಳಿಸಲೆಂದು ಮೊಬೈಲ್ ಇನ್ನೂ ಜೋರಾಗಿ ಕೂಗತೊಡಗುತ್ತದೆ, ಬ್ಯಾಟರಿ ಬೇಗ ಖಾಲಿ. ನಮ್ಮ ದೇಶದ ಟವರ್ ಮಿತಿ 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ಅದನ್ನು ನೆಟ್ಟಗೆ ಅಳೆದು ತೋರಿಸುವುದು ಸ್ಟಿಕ್ಕರಿಗಿಂತ ಒಳ್ಳೆಯ ಔಷಧ.

ಅಲೆಯ ಗದ್ದಲ ನಿಜವಾಗಿ ಯಾರಿಗೆ ತೊಂದರೆ ಎಂದು ನೋಡಬೇಕಾದರೆ ಬ್ಯಾಲಾಳಿಗೆ ಹೋಗಬೇಕು. ನಮ್ಮ ಜಿಲ್ಲೆಯ ಅಂಚಿನಲ್ಲೇ, ಬಿಡದಿಯಿಂದ ಮಾಗಡಿ ಕಡೆ ತಿರುಗಿದರೆ ಸಿಗುವ ಸೀಮೆ ಅದು. ಇಸ್ರೋದ 18 ಮೀಟರ್ ಮತ್ತು 32 ಮೀಟರ್ ಬೋಗುಣಿ ಆಂಟೆನಾಗಳು 2008ರ ಅಕ್ಟೋಬರ್‌ನಲ್ಲಿ, ಚಂದ್ರಯಾನ-1 ಹೊರಡುವ ಹೊತ್ತಿಗೆ ಅಲ್ಲಿ ಸಿದ್ಧವಾದವು. 2023ರ ಆಗಸ್ಟ್ 23ರಂದು ಇಡೀ ದೇಶ ವಿಕ್ರಮ್ ಚಂದ್ರನ ಮೇಲೆ ಇಳಿಯುವುದನ್ನು ನೋಡುತ್ತಿದ್ದಾಗ ಈ ಬೋಗುಣಿಗಳೂ ಕಿವಿ ನೆಟ್ಟಿದ್ದವು. 15 ಲಕ್ಷ ಕಿಲೋಮೀಟರ್ ಆಚೆಯ ಆದಿತ್ಯ ನೌಕೆಯಿಂದ ಬರುವ ಸದ್ದು ಎಷ್ಟು ಕ್ಷೀಣ ಎಂದರೆ ಅದರ ಮುಂದೆ ನನ್ನ ಕಂಟ್ರೋಲರ್ ಡಬ್ಬಿಯೇ ಗರ್ಜನೆ. ಈಗ ಆ ಬಯಲಿನ ಇನ್ನೊಂದು ಬದಿಗೆ, ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ, ದೊಡ್ಡ ಟೌನ್‌ಶಿಪ್ ಮಾಡಲು ಸರ್ಕಾರ ಹೊರಟಿದೆ. ರೈತರು ಭೂಮಿ ಕೊಡುವುದಿಲ್ಲವೆಂದು ಕೂತಿದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಕೈಗಾರಿಕೆ, ಟವರು, ವಿದ್ಯುತ್ ವಾಹನ ಎಲ್ಲ ಹೆಚ್ಚುವ ಕಡೆ ಯಾರ ಗದ್ದಲ ಎಷ್ಟು ಎಂದು ಅಳೆಯುವ ವ್ಯವಸ್ಥೆ ಮಾತ್ರ ಯಾವ ನಕ್ಷೆಯಲ್ಲೂ ನನಗೆ ಕಂಡಿಲ್ಲ.

ರೇಷ್ಮೆಯ ವಿಷಯ ಎತ್ತದಿದ್ದರೆ ಊರಿನವರು ಬಿಡುವುದಿಲ್ಲ. ‘ಗೂಡಿನ ಕಸದಿಂದ ಇಂಗಾಲ ಮಾಡಬಹುದಂತೆ, ರಾಮನಗರದಲ್ಲಿ ಅದಕ್ಕೇನು ಬರವೇ’ ಎಂದು ಕೇಳುತ್ತಾರೆ. ಮಾಡಬಹುದು. ರೇಷ್ಮೆ ಪ್ರೋಟೀನು, ಅದರಲ್ಲಿ ಸಾರಜನಕ ಇದೆ. ಗಾಳಿ ತಾಗದಂತೆ ಸುಟ್ಟರೆ ಸಾರಜನಕ ಬೆರೆತ ಇಂಗಾಲ ಉಳಿಯುತ್ತದೆ, ಕರೆಂಟೂ ಹರಿಯುತ್ತದೆ. ಆದರೆ ನೂಲು ಬಿಚ್ಚಿದ ಮೇಲೆ ಉಳಿಯುವ ಚಿಂದಿಗೆ ರೀಲರುಗಳಿಗೆ ಈಗಾಗಲೇ ಬೆಲೆ ಸಿಗುತ್ತಿದೆ. ಅದನ್ನು ಸುಟ್ಟು ಲಾಭ ಮಾಡುವುದು ಕಷ್ಟ. ಮಸಿಗೆ ಕೊರತೆ ಇರುವ ಊರಲ್ಲ ಇದು.

ಹಾಗಾದರೆ ಬೇಕಾದದ್ದೇನು? ಗಂಟೆಗಿಷ್ಟು ಎಂದು ದುಡ್ಡು ಕಟ್ಟಿ ಯಾರು ಬೇಕಾದರೂ ಬಳಸಬಹುದಾದ ಒಂದು ಸಾರ್ವಜನಿಕ ಜಾಗ. ಅದರಲ್ಲಿ ಐದಾರು ಕಿಲೋ ಬೆರೆಸಬಲ್ಲ ಸಣ್ಣ ಟ್ವಿನ್ ಸ್ಕ್ರೂ, ಹೀರು ಕೊಳವೆ ಇರುವ ಮುಚ್ಚಿದ ಕೋಣೆ, ಒಂದು ಮೌಲ್ಡಿಂಗ್ ಯಂತ್ರ, ನೂರು ಮೆಗಾಹರ್ಟ್ಸ್‌ನಿಂದ 18 ಗಿಗಾಹರ್ಟ್ಸ್‌ವರೆಗೆ ಅಳೆಯುವ ಅನಲೈಸರ್, ಮತ್ತು ಗೋಡೆಗೆ ಫೆರೈಟ್ ಬಿಲ್ಲೆ, ಇಂಗಾಲದ ಮೊನೆಗಳು ಅಂಟಿಸಿದ ಒಂದು ಚಿಕ್ಕ ಕೋಣೆ. ಸರ್ಟಿಫಿಕೇಟ್ ಕೊಡುವ ದೊಡ್ಡ ಪರೀಕ್ಷೆಗೆ ಪುಣೆಯ ಎಆರ್‌ಎಐ ಇದೆ, ಬೆಂಗಳೂರಿನಲ್ಲೂ ಪ್ರಯೋಗಾಲಯಗಳಿವೆ. ಅಲ್ಲಿಗೆ ಹೋಗುವ ಮುಂಚೆ ನಮ್ಮ ಡಬ್ಬಿ ಪಾಸಾಗುತ್ತದೋ ಇಲ್ಲವೋ ಎಂದು ಮುನ್ನೋಟ ನೋಡಿಕೊಳ್ಳಲು ಜಾಗ ಇಲ್ಲ. ಒಮ್ಮೆ ದೊಡ್ಡ ಪ್ರಯೋಗಾಲಯವೊಂದರಲ್ಲಿ ಸ್ಲಾಟಿಗಾಗಿ ವಾರಗಟ್ಟಲೆ ಕಾದು, ಒಳಗೆ ಹೋದ ಮೊದಲ ತಾಸಿನಲ್ಲೇ ನಮ್ಮ ಡಬ್ಬಿ ಗೆರೆ ದಾಟಿತು. ಕಾರಣ ಪ್ಲಾಸ್ಟಿಕ್ ಅಲ್ಲ, ಒಂದು ಗ್ಯಾಸ್ಕೆಟ್. ಅದನ್ನು ಬದಲಿಸಲು ಐದು ನಿಮಿಷ, ಮುಂದಿನ ಸ್ಲಾಟಿಗೆ ಮತ್ತೆ ವಾರಗಳು. ದುಡ್ಡು ಪೂರ್ತಿ ಕಟ್ಟಿದೆವು. ಪ್ಲಾಸ್ಟಿಕ್‌ನ ಬಲ, ಬೆಂಕಿ ತಾಳಿಕೆ ನೋಡಲು ಮೈಸೂರಿನ ಸಿಪೆಟ್ ಇದೆ. ಅಚ್ಚು ಮಾಡಲು ಕನಕಪುರದಲ್ಲೇ ಜಿಟಿಟಿಸಿ ಇದೆ. ಅಲೆಯ ಮಟ್ಟಿಗೆ ಅಂಥದ್ದೊಂದು ನಮ್ಮ ಸುತ್ತಳತೆಯಲ್ಲಿ ಇಲ್ಲ.

ಇದನ್ನು ಸರ್ಕಾರ ಯಾಕೆ ಮಾಡಬೇಕು, ಖಾಸಗಿಯವರು ಮಾಡಲಿ ಎನ್ನುವವರಿಗೆ ಚನ್ನಪಟ್ಟಣದ ಎರಡು ಉದಾಹರಣೆ ಸಾಕು. 1930ರ ದಶಕದಲ್ಲಿ ಅಲ್ಲಿ ಸ್ಪನ್ ಸಿಲ್ಕ್ ಮಿಲ್ ಬಂತು. ಯಾವ ರೀಲರೂ ತಾನೊಬ್ಬನೇ ಕೊಳ್ಳಲಾಗದ ಯಂತ್ರಗಳಲ್ಲಿ ಎಲ್ಲರ ಚಿಂದಿಯನ್ನೂ ನೂಲಾಗಿಸಿತು ಅದು. ಗೊಂಬೆಯವರಿಗೆ ಕರಕುಶಲ ಅಭಿವೃದ್ಧಿ ನಿಗಮ ಅರಗಿನ ಕೆಲಸದ ಸಂಕೀರ್ಣ ಕಟ್ಟಿಸಿತು, ಅದಕ್ಕೆ ರಾಜ್ಯದ ‘ವಿಶ್ವ’ ಯೋಜನೆಯ ಜೊತೆಗೆ ಡಚ್ ಸರ್ಕಾರದ ನೆರವೂ ಸಿಕ್ಕಿತು. ಮನೆಯಲ್ಲಿ ಒಂಟಿ ಲೇತ್ ಇದ್ದವರು ಅಲ್ಲಿಗೆ ಹೋಗಿ ಸಾಲು ಲೇತ್‌ಗಳ ಮುಂದೆ ಕೂತರು. ಎಲ್ಲ ಸರಿಹೋಯಿತು ಎನ್ನುವುದಿಲ್ಲ, ಚೀನಾ ಗೊಂಬೆಯ ಹೊಡೆತ ನಮ್ಮ ಮನೆಯೂ ತಿಂದಿದೆ. ಆದರೂ ಆ ಜಾಗ ಇಲ್ಲದಿದ್ದರೆ ಕಸುಬಿನ ಒಂದು ತಲೆಮಾರು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ದುಡ್ಡಿಗೆ ಕಿಟಕಿಯೂ ತೆರೆದಿದೆ. ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅನುದಾನ ಸಿಗುತ್ತದೆ. ಉದ್ದಿಮೆದಾರರೇ ಸೇರಿ ಸಂಸ್ಥೆ ಕಟ್ಟಿ ಅರ್ಜಿ ಹಾಕಬೇಕು. 2025ರಲ್ಲಿ ಒಪ್ಪಿಗೆಯಾದ 1 ಲಕ್ಷ ಕೋಟಿಯ ಸಂಶೋಧನಾ ನಿಧಿಯ ಬಗ್ಗೆಯೂ ಕೇಳಿದ್ದೇನೆ. ಅದು ದೊಡ್ಡ ಕುಳಗಳ ಪಂಕ್ತಿ, ನಮ್ಮ ಎಲೆಗೆ ಬಡಿಸುವ ಹೊತ್ತಿಗೆ ತಡವಾಗುತ್ತದೆ. ಕ್ಲಸ್ಟರ್ ದಾರಿಯೇ ನಮಗೆ ಸರಿ. ತೊಡಕು ಇರುವುದು ನಮ್ಮಲ್ಲೇ: ಹಾರೋಹಳ್ಳಿಯಲ್ಲಿ ಮೌಲ್ಡಿಂಗ್ ಮಾಡುವವರು ಒಬ್ಬರ ಗಿರಾಕಿ ಇನ್ನೊಬ್ಬರಿಗೆ ತಿಳಿಯಬಾರದೆಂದು ಬಾಗಿಲು ಹಾಕಿ ಕೂರುತ್ತೇವೆ. ಒಂದೇ ಯಂತ್ರಕ್ಕೆ ಹತ್ತು ಜನ ಸಹಿ ಹಾಕುವುದು ಎಂದರೆ ಹತ್ತು ಜನರ ಅಚ್ಚು ಒಂದೇ ಕೋಣೆಗೆ ಬರುವುದು. ಅದಕ್ಕೇ ಆ ಕೋಣೆಯ ಬೀಗದ ಕೈ ಉದ್ದಿಮೆದಾರರ ಕೈಯಲ್ಲಿ ಇರಬಾರದು, ಕಾಲೇಜಿನ ಕೈಯಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹುಡುಗರು ಅಳೆಯುವುದನ್ನು ಕಲಿಯಲಿ, ಯಾರ ಡಬ್ಬಿ ಎಂದು ಕೇಳದಿರಲಿ. ನಮ್ಮ ಸುತ್ತ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಬರವಿಲ್ಲ; ಎಮರಿ ಕಾಗದದ ಮೇಲೆ ಬಿಲ್ಲೆ ಸವರಲು ಬರುವವರಿಗೆ ಬರ.

ಪ್ರಯೋಗಾಲಯದವರಿಗೂ ಒಂದು ಷರತ್ತು ಹಾಕುತ್ತೇನೆ. ಆ ಕೇಂದ್ರಕ್ಕೆ ತರುವ ಮಿಶ್ರಣವನ್ನು ಮೇಣದಲ್ಲಿ ತರಬಾರದು, ನೈಲಾನಿನಲ್ಲೋ ಪಾಲಿಪ್ರೊಪಿಲೀನಿನಲ್ಲೋ ತರಬೇಕು. ಪ್ರೆಸ್ಸಿನ ಬಿಲ್ಲೆಯ ಜೊತೆಗೆ ಅಚ್ಚಿನ ಬಿಲ್ಲೆಯನ್ನೂ ಅಳೆದು ಎರಡನ್ನೂ ಪಕ್ಕಪಕ್ಕ ಬರೆಯಬೇಕು. ಫಲಿತಾಂಶ ಅಷ್ಟು ಚೆಂದ ಕಾಣಿಸದಿರಬಹುದು. ಕೆಲಸಕ್ಕೆ ಬರುವುದು ಅದೇ. ನ್ಯಾನೋ ಕಸ ಏನಾಗುತ್ತದೆ ಎಂಬುದಕ್ಕೂ ಮೊದಲ ದಿನವೇ ಉತ್ತರ ಇರಬೇಕು. ವೃಷಭಾವತಿ ತಂದು ಸುರಿದದ್ದನ್ನು ಬೈರಮಂಗಲ ಕೆರೆ ಈಗಾಗಲೇ ಹೊತ್ತುಕೊಂಡಿದೆ, ಇನ್ನೊಂದು ಹೊಸ ಪುಡಿಯನ್ನು ಅದಕ್ಕೆ ಕುಡಿಸುವುದು ಬೇಡ.

ಜಾಗ ಹಾರೋಹಳ್ಳಿಯಲ್ಲಾಗಲಿ, ಬಿಡದಿಯಲ್ಲಾಗಲಿ, ಮಾಗಡಿಯವರು ಕೇಳಿದರೆ ಮಾಗಡಿಯಲ್ಲೇ ಆಗಲಿ, ನನ್ನದೇನೂ ಹಟವಿಲ್ಲ. ಕರೆಂಟು ಮಾತ್ರ ಏರುಪೇರಾಗಬಾರದು, ಎಸಿ ದಿನಪೂರ್ತಿ ಓಡಬೇಕು. ಸಂಜೆ ಐದಕ್ಕೆ ಬೀಗ ಹಾಕಿ ಹೋಗುವ ಕಚೇರಿಯಾದರೆ ಬೇಡವೇ ಬೇಡ. ನಮ್ಮ ಮೆಷಿನ್ ಬಿಡುವಾಗಿ ಹುಡುಗರು ಬಿಲ್ಲೆ ತೆಗೆದುಕೊಂಡು ಹೊರಡುವುದೇ ಎರಡನೇ ಶಿಫ್ಟಿನಲ್ಲಿ.